ಫುಲ್ಲಾ, ಹಾಫಾ?

ಕಂಡಕ್ಟರಕ್ಕನ ಗಂಟಲಿನ ಬಗ್ಗೆ ಹುಟ್ಟಿಕೊಂಡ ಕಥೆಗಳನ್ನೆಲ್ಲ ನಂಬಬೇಕಾಗಿಲ್ಲ. ಅವಳು ಒಮ್ಮೆ ಬಸ್‌ನಿಲ್ದಾಣದ ಈ ತುದಿಯಲ್ಲಿ ನಿಂತು ‘ಹೋಲ್ಡಾನ್’ ಎಂದಾಗ, ಆ ತುದಿಯಿಂದ ಹೊರಟಿದ್ದ ಬೇರೆ ಯಾವುದೋ ಊರಿನ ಬಸ್ಸು, ಅದರ ಹಿಂದಿನ ಲಾರಿ, ಲಾರಿಯ ಹಿಂದಿನ ಎಮ್ಮೆ ಎಲ್ಲವೂ ಒಟ್ಟಿಗೆ ನಿಂತುಬಿಟ್ಟವು ಎನ್ನುತ್ತಾರೆ. ಎಮ್ಮೆಯ ವಿಷಯ ಉತ್ಪ್ರೇಕ್ಷೆ ಇರಬಹುದು. ಲಾರಿ ನಿಂತದ್ದನ್ನು ಮಾತ್ರ ಕಣ್ಣಾರೆ ಕಂಡವರಿದ್ದಾರೆ. ಪಕ್ಕದ ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಶವ ಎತ್ತಿದವರು ಯಾವ ಕಾಲು ಮುಂದಿಡುವುದೆಂದು ತಡವರಿಸುತ್ತಿದ್ದರಂತೆ. ಗೋಡೆಗೊರಗಿ ಅಳುತ್ತಿದ್ದ ಇವಳ ಬಾಯಿಂದ ‘ರೈಟ್, ರೈಟ್, ಹೋಗ್ಲಿ’ ಎಂದು ತಾನಾಗಿ ಹೊರಬಿತ್ತು. ಎಲ್ಲರೂ ಹೊರಟರು. ಸತ್ತವರು ಒಂದು ಕ್ಷಣ ಕಂಬಿ ಹಿಡಿದುಕೊಳ್ಳಲು ನೋಡಿದರು ಎನ್ನುವುದು ಮಾತ್ರ ಶುದ್ಧ ಸುಳ್ಳು.

ಕೆಲಸದಿಂದ ನಿವೃತ್ತಳಾದ ಮೇಲೂ ಗಂಟಲು ನಿವೃತ್ತಿ ಪಡೆಯಲಿಲ್ಲ. ಅಡುಗೆಮನೆಗೆ ಇಬ್ಬರು ಒಟ್ಟಿಗೆ ನುಗ್ಗಿದರೆ ‘ಒಳಗೆ ಹೋಗಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ’ ಎನ್ನುತ್ತಿದ್ದಳು. ಗಂಡ ಊಟ ಮುಗಿಸಿ ತಟ್ಟೆ ಸರಿಸಿದರೆ ‘ರೈಟ್’ ಎನ್ನುತ್ತಿದ್ದಳು, ಅವನು ಕೈ ತೊಳೆಯಲು ಹೊರಡುತ್ತಿದ್ದ. ಈ ಭೂಮಂಡಲದಲ್ಲಿ ಆ ಗಂಟಲಿಗೆ ಬಗ್ಗದ ಜೀವ ಒಂದೇ ಒಂದು: ಅವಳ ಅತ್ತೆ. ಒಣಗಿದ ಕಡ್ಡಿಯಂಥ ಮೈ, ಹಸಿಮೆಣಸಿನಕಾಯಿಯಂಥ ನಾಲಿಗೆ.

“ನನಗೆ ಕಿವಿ ಚೆನ್ನಾಗೇ ಕೇಳುತ್ತೆ ಕಣೇ,” ಎನ್ನುತ್ತಿದ್ದರು ಅತ್ತೆ. “ನಾನು ನಿನ್ನ ಬಸ್ಸಲ್ಲ.”

ಹೀಗೆ ದಿನ ಕಳೆಯುತ್ತಿರುವಾಗ ಹೊಳೆ ನಮ್ಮ ಬೀದಿಗೆ ಬಂತು. ಬಂದದ್ದು ಮಾತ್ರವಲ್ಲ, ಮನೆಮನೆಯ ಕಿಟಕಿಯಲ್ಲಿ ಇಣುಕಿ, ಮಂಚದ ಮೇಲೆ ಕೂತು, ಹೋಗುವ ಮನಸ್ಸೇ ಇಲ್ಲದ ನೆಂಟರ ಹಾಗೆ ಉಳಿದುಬಿಟ್ಟಿತು. ತಗ್ಗಿನ ಬೀದಿಗಳವರೆಲ್ಲ ದಿಬ್ಬದ ಬುಡದಲ್ಲಿ ನೀರು ಏರದೆ ಉಳಿದಿದ್ದ ಸಗಟು ಮಾರುಕಟ್ಟೆಯ ಗೋದಾಮಿಗೆ ಬಂದು ಸೇರಿದೆವು. ಸೇತುವೆ ಕೊಚ್ಚಿಹೋಗಿ ಕಂಡಕ್ಟರಕ್ಕನ ಗಂಡ ಆಚೆ ದಡದಲ್ಲೇ ಸಿಕ್ಕಿಕೊಂಡ. ದಿನವೂ ಫೋನು ಮಾಡುತ್ತಿದ್ದ.

“ಅಮ್ಮ ಹುಷಾರಾಗಿದ್ದಾರಾ?”

“ಹುಷಾರು. ಬೆಳಗ್ಗೆಯಿಂದ ನನ್ನನ್ನ ಬೈತಾ ಇದ್ದಾರೆ.”

“ಹಾಗಾದ್ರೆ ಸರಿ. ನಿನ್ನ ಕೈಲಿದೆ ನೋಡು, ಅವರಿಗೆ ಏನೂ ಆಗದ ಹಾಗೆ ಕಾಯೋದು.”

ಅನ್ನ ಬಂತು, ಹೊದಿಕೆ ಬಂತು, ಮಾತ್ರೆ ಬಂತು. ಎಲ್ಲಕ್ಕಿಂತ ಅವಸರವಾಗಿ ಬೇಕಾಗಿದ್ದದ್ದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದ ಏರಿಯ ಹಿಂದೆ ಜನ ಹೋಗುವುದು ಬರುವುದು ನಡೆದೇ ಇತ್ತು. ಆ ಏರಿಯ ಕೆಳಗೇ ನಾವು ನೀರು ತುಂಬುತ್ತಿದ್ದ ಬಾವಿ. ಅಷ್ಟರಲ್ಲಿ ಪರಿಹಾರ ಸಂಸ್ಥೆಯಿಂದ ಇಂಜಿನಿಯರ್ ಹುಡುಗಿಯೊಬ್ಬಳು ಬಂದಳು. ದೊಡ್ಡ ಟೋಪಿ, ಮೊಣಕಾಲಿನವರೆಗೆ ಬೂಟು. ಬಂದವಳೇ ಗುಂಡಿ ತೋಡಿಸಿದಳು. ಮೊಣಕಾಲುದ್ದ ತೋಡುವಷ್ಟರಲ್ಲಿ ಗುಂಡಿಯಲ್ಲಿ ನೀರು ನಗುತ್ತ ಮೇಲೆ ಬಂತು. ಇನ್ನೊಂದು ಕಡೆ ತೋಡಿಸಿದಳು. ಅಲ್ಲೂ ನಗು.

“ನೆಲದ ಕೆಳಗೆ ಆಗಲ್ಲ ಅಂದ್ರೆ ನೆಲದ ಮೇಲೆ ಕಟ್ಟೋಣ,” ಎಂದಳು.

ಕಟ್ಟಿದ್ದು ಹೀಗೆ. ಎದೆಮಟ್ಟದ ಉದ್ದನೆಯ ಹಲಗೆಯ ಅಟ್ಟ, ಅದರ ಮೇಲೆ ಸಾಲಾಗಿ ಎಂಟು ಕೋಣೆ. ಗೋಡೆಗೆ ನೀಲಿ ಟಾರ್ಪಾಲು, ಹತ್ತಲು ಮೆಟ್ಟಿಲು. ಪ್ರತಿ ಕೋಣೆಯ ಕೆಳಗೆ ಒಂದು ಡ್ರಮ್ಮು. ಕೆಲಸ ಮುಗಿದ ಮೇಲೆ ನೀರು ಸುರಿಯುವಂತಿಲ್ಲ, ಮಗ್ಗಿನಲ್ಲಿ ಮರದ ಹೊಟ್ಟು ಸುರಿಯಬೇಕು. ತೊಳೆದುಕೊಳ್ಳುವುದಕ್ಕೆ ಅದೇ ಕೋಣೆಯ ಮೂಲೆಯಲ್ಲಿ ಬೇರೆ ಬಚ್ಚಲು, ಆ ನೀರು ಕೊಳವೆಯಲ್ಲಿ ಹರಿದು ಜಲ್ಲಿ ತುಂಬಿದ ತೊಟ್ಟಿಗೆ. ಡ್ರಮ್ಮು ತುಂಬಿದರೆ ಮುಚ್ಚಳ ಬಿಗಿದು ಗೋದಾಮಿನ ಹಿಂದೆ ಇಡುವುದು, ಅದರ ಜಾಗಕ್ಕೆ ಖಾಲಿ ಡ್ರಮ್ಮು ತರುವುದು. ಮುಚ್ಚಿಟ್ಟದ್ದು ನಿಧಾನವಾಗಿ ಗೊಬ್ಬರವಾಗುತ್ತದೆ.

ಈ ಕೊನೆಯ ಮಾತನ್ನು ಯಾರೂ ನಂಬಲಿಲ್ಲ. ಹುಡುಗಿ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದಳು. ಒಳಗೆ ಕಪ್ಪಗೆ, ಪುಡಿಪುಡಿಯಾಗಿ ಏನೋ ಇತ್ತು. ಹಳೆಯ ಶಿಬಿರದ್ದು, ವರ್ಷ ಕಳೆದದ್ದು ಎಂದಳು. ಬಾಟಲಿ ಕೈಯಿಂದ ಕೈಗೆ ಹೋಯಿತು. ಕಂಡಕ್ಟರಕ್ಕನ ಬಸ್ಸನ್ನು ಬಹುಕಾಲ ಓಡಿಸಿದ, ಈಗ ಅವಳ ಪಕ್ಕದ ಚಾಪೆಯಲ್ಲೇ ಠಿಕಾಣಿ ಹೂಡಿದ್ದ ಡ್ರೈವರಣ್ಣ ಅದನ್ನು ಮೂಗಿಗೆ ಹಿಡಿದು ಕಣ್ಣುಮುಚ್ಚಿ ಆಘ್ರಾಣಿಸಿದ.

“ಮೇಡಂ, ಇದು ಮಣ್ಣು ತಾನೇ?”

“ಈಗ ಮಣ್ಣು.”

“ಈಗ ಅಂದ್ರೆ?”

“ಮುಂಚೆ ಆಗಿರ್ಲಿಲ್ಲ.”

ಡ್ರೈವರಣ್ಣ ಅಷ್ಟು ಬೇಗ ಗೇರು ಬದಲಿಸಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಬಾಟಲಿ ಮರುಕ್ಷಣ ಪಕ್ಕದವರ ಮಡಿಲಲ್ಲಿತ್ತು.

ಕಂಡಕ್ಟರಕ್ಕ ಮಾತ್ರ ಬಾಟಲಿಯನ್ನೂ ನೋಡಲಿಲ್ಲ, ಡ್ರಮ್ಮನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಆ ಉದ್ದನೆಯ ನೀಲಿ ಸಾಲನ್ನು. ಮೇಲೆ ಗಾಳಿಗೆಂದು ಬಿಟ್ಟ ಚೌಕ ಚೌಕ ಕಿಂಡಿಗಳು. ಕೆಳಗೆ ಹತ್ತುವ ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ. ಎದುರಿಗೆ ಗದ್ದಲ ಮಾಡುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ನಿಂತ ಜನ. ಅವಳ ಕಣ್ಣು ತುಂಬಿ ಬಂತು. ದೇವರು ಅವಳಿಗೆ ಇನ್ನೊಂದು ಬಸ್ಸು ಕೊಟ್ಟಿದ್ದ.

ಮರುದಿನ ಬೆಳಗ್ಗೆ ಕೈಮುರಿದ ಪ್ಲಾಸ್ಟಿಕ್ ಕುರ್ಚಿಯೊಂದು ಮೆಟ್ಟಿಲ ಪಕ್ಕ ಸ್ಥಾಪನೆಯಾಯಿತು. ಕುರ್ಚಿಯ ಒಂದು ಕಡೆ ಹೊಟ್ಟಿನ ಮೂಟೆ, ಇನ್ನೊಂದು ಕಡೆ ಮಗ್ಗುಗಳ ಸಾಲು, ಕುರ್ಚಿಯ ಮೇಲೆ ಕೊರಳಲ್ಲಿ ವಿಷಲ್ ಧರಿಸಿದ ಕಂಡಕ್ಟರಕ್ಕ. ಸಿಂಹಾಸನಕ್ಕೆ ಸಿಂಹವೊಂದು ಕಡಿಮೆ, ಅಷ್ಟೇ.

ಆಡಳಿತ ಎಂದರೆ ಅದು. ಗದ್ದಲ ನಿಂತಿತು, ಸಾಲು ನೆಟ್ಟಗಾಯಿತು. ಹೊಟ್ಟಿಲ್ಲದೆ ಯಾರೂ ಹತ್ತುವಂತಿಲ್ಲ. ಎಷ್ಟು ಹೊಟ್ಟು ಕೊಡಬೇಕು ಎಂಬುದಕ್ಕೂ ಪದ್ಧತಿ ಇತ್ತು. ಹೊಟ್ಟು ತರುವುದು ದೋಣಿಯಲ್ಲಿ, ಪೋಲು ಮಾಡುವಂತಿಲ್ಲ. ಆದ್ದರಿಂದ ಒಂದಕ್ಕೆ ಹೋಗುವವರಿಗೆ ಅರ್ಧ ಮಗ್ಗು, ಎರಡಕ್ಕೆ ಹೋಗುವವರಿಗೆ ಪೂರ್ತಿ ಮಗ್ಗು. ಈ ಹಂಚಿಕೆಗೆ ಅವಳು ಹೊಸ ಭಾಷೆ ಹುಡುಕಬೇಕಾಗಲಿಲ್ಲ.

“ಫುಲ್ಲಾ, ಹಾಫಾ? ಬೇಗ ಹೇಳಿ. ಹಾಫ್ ಒಂದು! ಮುಂದೆ ಹೋಗಿ. ನಿಮ್ದು? ಫುಲ್ಲಾ, ಹಾಫಾ? ಜೋರಾಗಿ ಹೇಳಿ ಅಣ್ಣಾ, ಕೇಳಿಸ್ಲಿಲ್ಲ. ಫುಲ್! ರೈಟ್. ಮೂರನೇದ್ರಲ್ಲಿರೋರು ಬೇಗ ಇಳೀರಿ, ಹಿಂದೆ ಜನ ಇದಾರೆ!”

ಒಳಗೆ ಯಾರಾದರೂ ತಡಮಾಡಿದರೆ ಒಂದು ವಿಷಲ್. ಇಳಿದರೆ ಎರಡು ವಿಷಲ್. ವಯಸ್ಸಾದವರು ಬಂದರೆ ಸಾಲೇ ಸೀಳಿಹೋಗುತ್ತಿತ್ತು: “ಹಿರಿಯರು ಬಂದ್ರು, ದಾರಿ ಬಿಡಿ, ಮೊದಲನೇ ಸೀಟು ಹಿರಿಯರಿಗೆ!” ಇಂಜಿನಿಯರ್ ಹುಡುಗಿ ಕೈಕಟ್ಟಿಕೊಂಡು ನೋಡಿ, “ಅಕ್ಕಾ, ಇಷ್ಟು ಶಿಸ್ತು ನಾನು ಎಲ್ಲೂ ನೋಡಿಲ್ಲ,” ಎಂದಳು. ಮನಸಾರೆ ಹೇಳಿದ ಮಾತದು.

ಕೆಲವು ದಿನ ಕಳೆದ ಮೇಲೆ ಅದೇ ಹುಡುಗಿ ಅಟ್ಟದ ಕೆಳಗೆ ಬಗ್ಗಿ, ಡ್ರಮ್ಮುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ, ಹುಬ್ಬು ಗಂಟಿಕ್ಕಿ ಕೂತಿದ್ದಳು.

“ವಿಚಿತ್ರ ಅಕ್ಕಾ. ನಿಮ್ಮ ಕುರ್ಚಿ ಪಕ್ಕದ್ದು ಹೆಚ್ಚುಕಮ್ಮಿ ಖಾಲಿ. ದೂರ ಹೋದಷ್ಟೂ ಭಾರ. ಕೊನೇದಂತೂ ತುಂಬಿ ತುಳುಕ್ತಿದೆ. ಎಲ್ಲಾ ಕೋಣೆನೂ ಒಂದೇ ಥರ ಇರೋವಾಗ ಹೀಗ್ಯಾಕೆ?”

ಕಂಡಕ್ಟರಕ್ಕನಿಗೂ ಕುತೂಹಲ ಕೆರಳಿತು. “ಬಸ್ಸಲ್ಲಿ ಹಿಂದಿನ ಸೀಟು ಅಂದ್ರೆ ಯಾರಿಗೂ ಬೇಡ, ಕುಲುಕಾಟ ಜಾಸ್ತಿ. ಇಲ್ಲಿ ಮುಗಿಬೀಳ್ತಾರಲ್ಲ!”

“ಇನ್ನೊಂದು. ಇಷ್ಟು ಜನಕ್ಕೆ ಒಟ್ಟು ತೂಕ ಸಾಲದು. ಅರ್ಧ ಜನ ಎಲ್ಲಿಗೆ ಹೋಗ್ತಿದಾರೆ?”

ಕಂಡಕ್ಟರಕ್ಕ ಸಾಲನ್ನು ಮನಸ್ಸಿನಲ್ಲೇ ನೋಡಿಕೊಂಡಳು. ಗಂಡಸರು, ಮಕ್ಕಳು, ಮತ್ತೆ ಗಂಡಸರು. ಹೆಂಗಸರು ಕಡಿಮೆ. ಮುದುಕಿಯರು ಇಲ್ಲವೇ ಇಲ್ಲ. ಸೀಟು ಕಾದಿರಿಸಿದ್ದರೂ!

ಶಿಬಿರದ ನರ್ಸ್ ಅದೇ ಸಂಜೆ ಅವಳನ್ನು ಹುಡುಕಿಕೊಂಡು ಬಂದಳು. “ನಿಮ್ಮತ್ತೆ ನೀರು ಕುಡೀತಿಲ್ಲ. ನಾಲಿಗೆ ಒಣಗಿ ರೊಟ್ಟಿಯಾಗಿದೆ. ಕೇಳಿದ್ರೆ ಬಾಯಾರಿಕೆ ಇಲ್ಲ ಅಂತಾರೆ. ಹೀಗೇ ಇದ್ರೆ ದೋಣಿಲಿ ಆಚೆ ದಡದ ಆಸ್ಪತ್ರೆಗೆ ಕಳಿಸ್ಬೇಕಾಗುತ್ತೆ. ಈ ಹರಿವಲ್ಲಿ, ಈ ವಯಸ್ಸಲ್ಲಿ ದೋಣಿ ಅಂದ್ರೆ ನನಗೇ ಧೈರ್ಯ ಇಲ್ಲ. ಅದಕ್ಕೆ ಮುಂಚೆ ನೀರು ಕುಡಿಸಿ.”

ಕಂಡಕ್ಟರಕ್ಕ ಲೋಟ ಹಿಡಿದು ಓಡಿದಳು. ಅತ್ತೆ ಮುಖ ತಿರುಗಿಸಿದರು. ಅವಳು ಬೇಡಿದಳು, ಗದರಿದಳು, ಮಗನ ಆಣೆ ಹಾಕಿದಳು.

“ಕುಡಿದ್ರೆ ಹೋಗ್ಬೇಕಾಗುತ್ತೆ,” ಎಂದರು ಅತ್ತೆ. ಅಷ್ಟೇ.

“ಹೋದ್ರಾಯ್ತು. ಅದಕ್ಕೇನಂತೆ?”

ಅತ್ತೆ ಕಣ್ಣು ಮುಚ್ಚಿಕೊಂಡರು. ಹಸಿಮೆಣಸಿನಕಾಯಿ ಬೈಯಲೂ ಇಲ್ಲ. ಅಂದು ಫೋನು ಬಂದಾಗ ‘ಬೈತಾ ಇದ್ದಾರೆ’ ಎಂದು ಕಂಡಕ್ಟರಕ್ಕ ಸುಳ್ಳು ಹೇಳಿದಳು.

ಈಗ ಪ್ರಶ್ನೆ ಒಂದೇ: ಅತ್ತೆಗೆ ಆ ನೀಲಿ ಕೋಣೆ ಏಕೆ ಬೇಡ? ಉತ್ತರ ಹುಡುಕುವ ದಂಡಯಾತ್ರೆ ಶುರುವಾಯಿತು. ವಾಸನೆ ಇರಬಹುದೆಂದು ಹೊಟ್ಟಿನ ಪಾಲು ಹೆಚ್ಚಿಸಿ, ಅಟ್ಟದ ಉದ್ದಕ್ಕೂ ಮೂಗು ಆಡಿಸುತ್ತ ನಡೆದಳು. ವಾಸನೆ ಇರಲಿಲ್ಲ. ಹಲಗೆ ಮುರಿಯುವ ಭಯ ಇರಬಹುದೆಂದು ಶಿಬಿರದಲ್ಲೇ ತೂಕದವನೆಂದು ಹೆಸರಾದ ಅಡುಗೆ ಭಟ್ಟನನ್ನು ಹತ್ತಿಸಿ ಕುಣಿಸಿದಳು. ಹಲಗೆ ಕಿರ್ರೆನ್ನಲೂ ಇಲ್ಲ. ಭಟ್ಟ ಮಾತ್ರ ಆಮೇಲೆ ಎರಡು ಹೊತ್ತು ಸೊಂಟ ಹಿಡಿದುಕೊಂಡು ಸಾರು ಬಡಿಸಿದ. ಮುಸ್ಸಂಜೆಯ ಕತ್ತಲೆ ಕಾರಣವೇ? ಇಂಜಿನಿಯರ್ ಹುಡುಗಿ ಪ್ರತಿ ಕೋಣೆಯೊಳಗೂ ದೀಪ ಕಟ್ಟಿಸಿದಳು. ದೀಪ ಹತ್ತಿದ್ದೇ ತಡ, ಒಳಗೆ ಕೂತವರ ನೆರಳು ದೊಡ್ಡದಾಗಿ ಟಾರ್ಪಾಲಿನ ಮೇಲೆ ಮೂಡಿ, ಅಂಗಳದಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಅಡುಗೆ ಭಟ್ಟನ ನೆರಳನ್ನಂತೂ ಹುಟ್ಟುಕುರುಡರೂ ಗುರುತಿಸುವಂತಿತ್ತು.

“ಅಯ್ಯೋ, ಇದು ನನ್ನ ತಪ್ಪು,” ಎಂದು ಹುಡುಗಿ ಹಣೆ ಚಚ್ಚಿಕೊಂಡು, ತಾನೇ ಓಡಿ ದೀಪಗಳನ್ನು ಬಿಚ್ಚಿಸಿ ಹೊರಗಿನ ದಾರಿಯಲ್ಲಿ ನೆಡಿಸಿದಳು.

ಅತ್ತೆ ಇದ್ದಲ್ಲಿಂದ ಅಲುಗಲಿಲ್ಲ.

ಉತ್ತರ ಬಂದದ್ದು ಕಂಡಕ್ಟರಕ್ಕನ ಹೊಟ್ಟೆಯಿಂದ. ಅವಳು ದಿನವೂ ಯಾರೂ ಏಳುವ ಮುಂಚೆ ಹೋಗಿಬಂದು ಆಮೇಲೆ ಕುರ್ಚಿ ಏರುತ್ತಿದ್ದಳು. ತನ್ನ ಆಡಳಿತದಲ್ಲಿ ತಾನೇ ಪ್ರಯಾಣಿಸಿರಲಿಲ್ಲ. ಕಂಡಕ್ಟರು ಟಿಕೆಟ್ ಕೊಂಡು ಹತ್ತುವುದುಂಟೇ? ಆದರೆ ಆ ಬೆಳಗ್ಗೆ, ಸಾಲು ಅಂಗಳ ದಾಟಿ ಬೆಳೆದಿದ್ದ ಹೊತ್ತಿನಲ್ಲಿ, ಹೊಟ್ಟೆಯೊಳಗೆ ಏನೋ ಮಗುಚಿತು. ಡ್ರೈವರಣ್ಣನ ಕೊರಳಿಗೆ ವಿಷಲ್ ಹಾಕಿ, “ಒಂದು ನಿಮಿಷ ನೋಡ್ಕೊಳ್ಳಿ,” ಎಂದು ಸಾಲಿನಲ್ಲಿ ನಿಂತಳು. ನಿಯಮ ಎಂದರೆ ನಿಯಮ.

ಇಷ್ಟು ವರ್ಷ ಅವಳ ವಿಷಲ್ಲಿಗೆ ಗಾಡಿ ಬಿಟ್ಟವನು ಡ್ರೈವರಣ್ಣ. ಅಧಿಕಾರ ಕೈಗೆ ಬಂದ ಸಂಭ್ರಮಕ್ಕೆ ಅವನ ಎದೆ ಒಂದು ಗೇಣು ಉಬ್ಬಿತ್ತು. ಅವಳ ಸರದಿ ಬಂದಾಗ ಅವನು ಅವಳದೇ ಧಾಟಿಯಲ್ಲಿ, ಅವಳಿಗಿಂತ ಜೋರಾಗಿ ಕೇಳಿದ:

“ಕಂಡಕ್ಟರಕ್ಕಾ! ಫುಲ್ಲಾ, ಹಾಫಾ?”

ಸಾಲಿನ ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಅದರಲ್ಲಿ ಅವಳ ಬಸ್ಸಿನ ಹಳೆಯ ಪ್ರಯಾಣಿಕರಿದ್ದರು. ತರಕಾರಿ ವ್ಯಾಪಾರಿ ಇದ್ದ. ಚಿಲ್ಲರೆ ವಿಷಯಕ್ಕೆ ಅವಳೊಡನೆ ಜಗಳವಾಡಿ ಇಂದಿಗೂ ಮಾತು ಬಿಟ್ಟಿದ್ದ ಮೇಷ್ಟ್ರು ಇದ್ದರು. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಲಾರಿ ನಿಲ್ಲಿಸಿದ ಆ ಗಂಟಲಿನಿಂದ ಮೊದಲ ಸಲ ಸ್ವರವೇ ಹೊರಡಲಿಲ್ಲ.

“ಕೇಳಿಸ್ಲಿಲ್ಲ!”

ಅವಳು ಬೆರಳಿನಲ್ಲಿ ಏನೋ ಸನ್ನೆ ಮಾಡಿದಳು.

“ಫುಲ್!” ಎಂದು ಡ್ರೈವರಣ್ಣ ಲೋಕಕ್ಕೆ ಸಾರಿದ. “ದಾರಿ ಬಿಡಿ, ಕಂಡಕ್ಟರಕ್ಕ ಫುಲ್ಲು!”

ಮೊದಲನೆಯ ಕೋಣೆ ಖಾಲಿ ಇತ್ತು. ಅವಳ ಕಾಲುಗಳು ಅದನ್ನು ದಾಟಿ, ಎರಡನೆಯದನ್ನು ದಾಟಿ, ತಮ್ಮಷ್ಟಕ್ಕೆ ಕೊನೆಯ ಕೋಣೆಗೆ ನಡೆದವು. ಚಿಲಕ ಹಾಕಿಕೊಂಡು ಕೂತಳು. ಹೊರಗೆ ಯಾರೋ ಕಿಸಕ್ಕೆಂದರು. ಅವಳ ಹೊಟ್ಟೆಯಲ್ಲಿದ್ದದ್ದೆಲ್ಲ ಹೆದರಿದ ಆಮೆಯಂತೆ ಒಳಗೆ ಸೇರಿಕೊಂಡಿತು. ಆಗ ಬಂತು ಒಂದು ವಿಷಲ್, ಉದ್ದಕ್ಕೆ.

“ಕೊನೇದ್ರಲ್ಲಿರೋರು ಬೇಗ ಇಳೀರಿ! ಹಿಂದೆ ಜನ ಇದಾರೆ!”

ಅವಳು ಹೋದ ಕೆಲಸವಾಗದೆ ಇಳಿದಳು. ನೇರವಾಗಿ ಗೋದಾಮಿನೊಳಗೆ ಹೋಗಿ ಅತ್ತೆಯ ಚಾಪೆಯ ಮೇಲೆ ಕುಸಿದು ಕೂತಳು.

“ಅತ್ತೆ, ನೀವು ಮೊದಲನೇ ದಿನ ಬಂದಿದ್ರಿ ಅಲ್ವಾ?”

“ಬಂದಿದ್ದೆ.”

“ಹಿರಿಯರಿಗೆ ಸೀಟು ಬಿಡಿ ಅಂತ ಕೂಗಿದೆ.”

“ಕೂಗಿದೆ. ಹೊಳೆಯಾಚೆ ನನ್ನ ಮಗನಿಗೂ ಕೇಳಿಸಿರ್ಬೇಕು. ಆಮೇಲೆ?”

“ಆಮೇಲೆ...” ಕಂಡಕ್ಟರಕ್ಕ ಚಾಪೆಯ ಅಂಚು ಕೀಳುತ್ತ ಹೇಳಿದಳು. “ಫುಲ್ಲಾ ಹಾಫಾ ಅಂತ ಕೇಳ್ದೆ. ನೀವು ಕನ್ನಡಕ ಮರ್ತೆ ಅಂತ ವಾಪಸ್ ಹೋದ್ರಿ.”

“ಅಲ್ಲಿ ಏನು ಪೇಪರ್ ಓದೋಕೆ ಹೋಗ್ತಿದ್ನಾ, ಕನ್ನಡಕಕ್ಕೆ?” ಅತ್ತೆ ಎದ್ದು ಕೂತರು. “ನಿನ್ನ ಗಂಡ ಹುಟ್ಟೋಕೆ ಮುಂಚೆಯಿಂದ ನಾನು ಈ ಕೆಲಸಕ್ಕೆ ಯಾರಿಗೂ ಹೇಳಿ ಹೋದೋಳಲ್ಲ ಕಣೇ. ಕಟ್ಟಿಕೊಂಡವರಿಗೂ ಗೊತ್ತಾಗ್ತಿರ್ಲಿಲ್ಲ. ನೀನು ಬೀದಿಗೆಲ್ಲ ಲೆಕ್ಕ ಕೊಟ್ಟೆ.”

“ಒಂದು ಮಾತು ನನಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಅದನ್ನೂ ಕೂಗ್ತಿದ್ದೆ.”

ಬೈಗುಳ ಮರಳಿ ಬಂದಿತ್ತು. ಕಂಡಕ್ಟರಕ್ಕನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಅವಳು ಎದ್ದು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಹೋಗಿ, ಅಲ್ಲಿದ್ದ ಹೆಂಗಸರ ನಡುವೆ ಇಂಜಿನಿಯರ್ ಹುಡುಗಿಯನ್ನೂ ಕೂರಿಸಿ, ತಗ್ಗಿದ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಹೆಂಗಸರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಬೆಳಕು ಹರಿಯುವ ಮುಂಚೆ ಏರಿಯ ಹಿಂದೆ ಹೋಗುತ್ತಿದ್ದರಂತೆ. ಹಗಲು ಊಟ ಅರ್ಧ, ನೀರು ಕಾಲು. ಕೊನೆಯ ಕೋಣೆ ಸಿಕ್ಕರೆ ಪುಣ್ಯ, ಅಲ್ಲಿಗೆ ಕುರ್ಚಿಯ ದೃಷ್ಟಿ ಅಷ್ಟಾಗಿ ತಾಗದು.

“ಮುಂದೆ ಗೋಡೆ ಕಟ್ಟಿಸ್ಲಾ?” ಎಂದಳು ಹುಡುಗಿ.

“ಗೋಡೆ ಹಿಂದೆ ಹೋಗೋದೂ ಕಾಣುತ್ತಲ್ಲ ಮೇಡಂ,” ಎಂದಳು ಎಳೆಗೂಸಿನ ತಾಯಿಯೊಬ್ಬಳು. “ಬಟ್ಟೆ ಒಣಗಿಸೋ ಹಗ್ಗಗಳನ್ನ ಕೋಣೆಗಳ ಮುಂದೆ ಕಟ್ಟಿ. ಕೈಲೊಂದು ಒದ್ದೆ ಬಟ್ಟೆ ಹಿಡ್ಕೊಂಡು ಹೋದ್ರೆ ಯಾತಕ್ಕೆ ಹೋದ್ಲು ಅಂತ ಯಾರು ಕೇಳ್ತಾರೆ?”

ಹುಡುಗಿ ಕೂಡಲೇ ಹಗ್ಗ ತರಲು ಎದ್ದಳು.

ಮಧ್ಯಾಹ್ನದೊಳಗೆ ಹಗ್ಗಗಳು ಸಾಲುಸಾಲಾಗಿ ಬಿಗಿದವು. ಹೊಟ್ಟಿನ ಡಬ್ಬಿಗಳು ಕೋಣೆಯೊಳಗೇ ಹೋಗಿ ಕೂತವು, ಬೇಕಾದಷ್ಟು ಹಾಕಿಕೊಳ್ಳಲಿ ಎಂದು. ವಿಷಲ್ ಜೇಬು ಸೇರಿತು. ಕುರ್ಚಿ ಮಾತ್ರ ಇರಲಿ ಎಂದರು ಹೆಂಗಸರು, ಪೋಲಿಗಳು ಸುಳಿಯದ ಹಾಗೆ ಒಬ್ಬರು ಬೇಕು. ಆದರೆ ಅದರ ಮುಖ ರಸ್ತೆಯ ಕಡೆಗೆ, ಬೆನ್ನು ಕೋಣೆಗಳ ಕಡೆಗೆ.

ಸಂಜೆ ಅತ್ತೆ ಗೋದಾಮಿನ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಕರವಸ್ತ್ರದಷ್ಟು ಚಿಕ್ಕ ಒದ್ದೆ ಟವೆಲ್ಲು. ಕಂಡಕ್ಟರಕ್ಕ ತಟ್ಟನೆ ರಸ್ತೆ ನೋಡತೊಡಗಿದಳು. ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಏನೂ ಇರಲಿಲ್ಲ. ಅವಳು ನಾಯಿಯನ್ನು ನೋಡಿದಳು. ಹೆಜ್ಜೆಯ ಸದ್ದು ಬೆನ್ನ ಹಿಂದೆ ಹಾದುಹೋಯಿತು. ಬಟ್ಟೆಗಳು ಸರಿದ ಸದ್ದು. ಆಮೇಲೆ ಮೆಟ್ಟಿಲ ಹತ್ತಿರ ಹೆಜ್ಜೆ ನಿಂತಿತು.

ಹತ್ತುತ್ತಾರೋ, ಮತ್ತೆ ಕನ್ನಡಕ ನೆನಪಾಗುತ್ತದೋ?

ಆ ಕ್ಷಣದಲ್ಲಿ ನಡೆದ ಮಹಾಯುದ್ಧವನ್ನು ಕಂಡವರು ನಾವು ಕೆಲವರೇ. ‘ಕಂಬಿ ಹಿಡ್ಕೊಳ್ಳಿ ಅತ್ತೆ’ ಎಂಬ ಮಾತು ಕಂಡಕ್ಟರಕ್ಕನ ಎದೆಯಿಂದ ಹೊರಟು ಗಂಟಲಿಗೆ ಬಂತು. ಗಂಟಲಿನಿಂದ ನಾಲಿಗೆಗೆ ಬಂತು. ಅವಳ ಕೆನ್ನೆಗಳು ಉಬ್ಬಿದವು, ಕಿವಿ ಕೆಂಪಾಯಿತು, ಕುರ್ಚಿಯ ಉಳಿದಿದ್ದ ಒಂದು ಕೈ ಅವಳ ಮುಷ್ಟಿಯಲ್ಲಿ ಲಟಲಟ ಎಂದಿತು. ನಾಯಿ ಹೆದರಿ ಎದ್ದು ಹೋಯಿತು. ಅವಳು ಬಾಯಿ ತೆರೆಯಲಿಲ್ಲ. ತಿರುಗಿಯೂ ನೋಡಲಿಲ್ಲ.

ಹಲಗೆ ಮೆಲ್ಲಗೆ ಸದ್ದು ಮಾಡಿತು. ಚಿಲಕ ಬಿತ್ತು.

ಬಹಳ ಹೊತ್ತಾಯಿತು. ಯಾರೂ ಯಾರನ್ನೂ ಇಳಿಯಿರಿ ಎನ್ನಲಿಲ್ಲ. ಕೊನೆಗೆ ಹೆಜ್ಜೆ ಮರಳಿ ಬಂದು ಕುರ್ಚಿಯ ಹಿಂದೆ ನಿಂತಿತು.

“ನೀರು ಕೊಡೆ,” ಎಂದರು ಅತ್ತೆ. “ಆ ದೊಡ್ಡ ಲೋಟದಲ್ಲಿ.”

ದೋಣಿ ಬೇಡವೆಂದು ನರ್ಸ್ ಹೇಳಿ ಕಳಿಸಿದಳು. ಕ್ರಮೇಣ ಎಂಟು ಡ್ರಮ್ಮುಗಳೂ ಒಂದೇ ಸಮ ತುಂಬತೊಡಗಿದವು, ಏರಿಯ ಹಿಂದಿನ ಕಾಲುದಾರಿಯಲ್ಲಿ ಹುಲ್ಲು ಬೆಳೆಯಿತು, ಗೋದಾಮಿನ ಹಿಂದೆ ಮುಚ್ಚಳ ಬಿಗಿದ ಡ್ರಮ್ಮುಗಳು ಮಣ್ಣಾಗುವ ಕಾಲಕ್ಕೆ ಕಾಯುತ್ತ ಸಾಲುಗಟ್ಟಿದವು. ನಮ್ಮಷ್ಟು ಒಗೆದ ಬಟ್ಟೆ ಹಾಕುವ ಜನ ಯಾವ ಶಿಬಿರದಲ್ಲೂ ಇಲ್ಲ ಎಂಬ ಹೆಸರೂ ಬಂತು.

ಸುದ್ದಿ ಹರಡಿ ಬೇರೆ ಶಿಬಿರಗಳಿಂದ ನೋಡಲು ಬಂದರು. ಅವರ ಮುಂದಾಳು ದೊಡ್ಡ ಅಧಿಕಾರಿ, ಒಳ್ಳೆಯ ಮನುಷ್ಯ. ಅವರ ಶಿಬಿರದಲ್ಲಿ ಇಂಥದೇ ಕೋಣೆಗಳು ಖಾಲಿ ಬಿದ್ದಿದ್ದವು, ಮುದುಕಿಯರು ನೀರು ಬಿಟ್ಟು ಮಲಗಿದ್ದರು. ಡ್ರೈವರಣ್ಣ ಅವರನ್ನು ಕುರ್ಚಿಯ ಮುಂದೆ ತಂದು ನಿಲ್ಲಿಸಿ, “ಇವರೇ ಸಾರ್. ಎಲ್ಲಾ ಇವರದೇ ತಲೆ,” ಎಂದು ಬೀಗಿದ. ಹುಡುಗಿ, “ನೀವೇ ಹೇಳಿ ಅಕ್ಕಾ,” ಎಂದಳು. ನಾವೆಲ್ಲ ಸುತ್ತ ನೆರೆದೆವು. ಲಾರಿ ನಿಲ್ಲಿಸಿದ ಗಂಟಲು ಈಗ ಏನು ಹೇಳುತ್ತದೋ ಎಂದು ಕಿವಿ ನೆಟ್ಟಗಾದವು.

“ಹೇಗೆ ಸಾಧ್ಯವಾಯ್ತಮ್ಮ?” ಅಧಿಕಾರಿ ಕೈಮುಗಿದಷ್ಟು ವಿನಯದಿಂದ ಕೇಳಿದರು. “ಭಾಷಣ ಮಾಡಿಸಿದ್ರಾ? ಮನೆಮಂದಿಗೆಲ್ಲ ತಿಳಿ ಹೇಳಿದ್ರಾ? ಅಷ್ಟು ಹಠದ ಹಿರಿಯರನ್ನ ಒಪ್ಪಿಸೋಕೆ ನೀವು ಮಾಡಿದ್ದಾದ್ರೂ ಏನು?”

ಕಂಡಕ್ಟರಕ್ಕ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

“ಬಾಯಿ ಮುಚ್ಕೊಂಡೆ ಸಾರ್.”